ಮಂಗಲವಾಗದ ಕಾದಂಬರಿ

ತಾಂಡೂರಿನ ನಮ್ಮ ಕನ್ನಡ ಸಾಲೆಗೆ ಐದು ಜನರ ಕಮಿಟಿ ಇತ್ತು. ಆ ಐವರೂ ಸೇರಿ ಹುಟ್ಟಿದಾಗಿನಿಂದ ಓದಿದ ಕನ್ನಡ ಪುಸ್ತಕ ಒಂದೂ ಇರಲಿಲ್ಲ. ನಾನೇನು ಚಾಡಿ ಹೇಳುತ್ತಿಲ್ಲ, ಅವರೇ ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದರು. ನಾವು ದುಡಿಯುವ ಮಂದಿ, ಓದಲು ಪುರುಸೊತ್ತೆಲ್ಲಿ ಎನ್ನುವುದು ಅವರ ಮಾತು. ಇಂಥವರು ಒಂದು ವರ್ಷ, ಜೋಳದ ರಾಶಿ ಮುಗಿದ ಹೊತ್ತಿನಲ್ಲಿ, ಒಂದು ಕಾದಂಬರಿಯನ್ನು ಸಾಲೆಯಿಂದ ಹೊರಗೆ ಹಾಕಲು ಟೊಂಕ ಕಟ್ಟಿ ನಿಂತರು. ನಾನು ಆ ಸಾಲೆಯ ಮಾಸ್ತರನಾಗಿದ್ದೆ. ಸತ್ತು ಹೋದವರ ಮೇಲೆ ಇನ್ನೂ ಯಾಕಿಷ್ಟು ಸಿಟ್ಟು ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅವರು ಬದುಕಿದ್ದಾಗ ಬಯ್ಯುವ ಧೈರ್ಯ ನನಗಿರಲಿಲ್ಲ, ಅದಕ್ಕೇ ಈಗ ಬಯ್ಯುತ್ತಿದ್ದೇನೆ.

ಅದು ನಿಜಾಮರ ಕಾಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು. ಸರ್ಕಾರಿ ಸಾಲೆಯಲ್ಲಿಯೂ ಉರ್ದುವೇ. ನಾನೂ ಉರ್ದುವಿನಲ್ಲೇ ಓದಿದವನು. ಕನ್ನಡ ಅಕ್ಷರ ಕಲಿತದ್ದು ಪೆದ್ದೆಮುಲ್‌ನ ಸೋದರಮಾವನ ಮನೆಯ ಕಟ್ಟೆಯ ಮೇಲೆ ಕೂತು. ನನ್ನ ಉರ್ದು ಕೈಬರಹ ಮಾತ್ರ ಇಡೀ ತಾಂಡೂರಿನಲ್ಲಿ ಹೆಸರಾಗಿತ್ತು. ಯಾರಿಗೆ ಯಾವ ಅರ್ಜಿ, ದರಖಾಸ್ತು ಬರೆಸಬೇಕಾದರೂ ನನ್ನ ಮನೆಗೇ ಬರುತ್ತಿದ್ದರು. ಕಚೇರಿಯ ಗುಮಾಸ್ತರು ಆ ಕಾಗದಗಳನ್ನು ಓದುವ ಮೊದಲು ದೂರ ಹಿಡಿದು ನೋಡಿ ವಾಹ್ ಎನ್ನುತ್ತಿದ್ದರಂತೆ. ಅದನ್ನು ಕೇಳಿ ನಾನು ಹಿಗ್ಗುತ್ತಿದ್ದೆ.

ಕಮಿಟಿಯ ಅಧ್ಯಕ್ಷರು ಹಾಸುಗಲ್ಲಿನ ವ್ಯಾಪಾರಿ. ಊರೆಲ್ಲ ಅವರನ್ನು ಸಾವಕಾರರು ಎನ್ನುತ್ತಿತ್ತು. ಸಾಲೆ ನಡೆಯುತ್ತಿದ್ದದ್ದು ಅವರ ಕಲ್ಲಿನ ಅಂಗಳದ ಹಿಂದಿನ ಎರಡು ಕೋಣೆಗಳಲ್ಲಿ. ದಿನವಿಡೀ ಉಳಿ ಸುತ್ತಿಗೆಯ ಸದ್ದು, ಅದರ ನಡುವೆ ನಮ್ಮ ಕಾಗುಣಿತ. ಸಾಲೆ ನಡೆಸಲು ಸರ್ಕಾರದ ಅನುಮತಿ, ಇಜಾಜತ್ ಪತ್ರವೇನೋ ಇತ್ತು. ಅದರಲ್ಲಿ ಉರ್ದು, ಲೆಕ್ಕ, ಧರ್ಮಪಾಠ ಎಂದು ಬರೆದಿತ್ತು. ಕನ್ನಡ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಧರ್ಮಪಾಠದ ಹೆಸರಿನಲ್ಲಿ ನಾವು ಕನ್ನಡ ಕಲಿಸುತ್ತಿದ್ದೆವು. ಯಾರೂ ಕೇಳಲು ಬಂದಿರಲಿಲ್ಲ, ನಾವೂ ಯಾರಿಗೂ ಹೇಳಲು ಹೋಗಿರಲಿಲ್ಲ. ಹೀಗೆ ಸದ್ದಿಲ್ಲದೆ ಎಂಟು ವರ್ಷ ನಡೆದಿತ್ತು.

ಸಾವಕಾರರು ನನಗೆ ಬೀಗರೂ ಹೌದು. ನನ್ನ ತಂಗಿಯನ್ನು ಅವರ ಮಗನಿಗೆ ಕೊಟ್ಟಿದ್ದೆವು. ಒಂದು ದಿನ ರೊಟ್ಟಿ ಆರಿದೆ ಎಂದು ಗಂಡ ಅವಳ ಕಪಾಳಕ್ಕೆ ಹೊಡೆದ. ಆ ಹೊಡೆತಕ್ಕೆ ಎಡಗಿವಿ ಹೋಯಿತು. ಅದೇ ಮಧ್ಯಾಹ್ನ ಅವಳು ನಾಲ್ಕು ಓಣಿ ದಾಟಿ ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಅವ್ವನ ಪಕ್ಕ ಕೂತಳು. "ಹೊಳ್ಳಿ ಹೋಗಂಗಿಲ್ಲ" ಅಂದಳು. ಆಗ ಅವಳಿಗೆ ಹದಿನೆಂಟು ವರ್ಷ.

ಹಿರಿಯರು ಮಠದಲ್ಲಿ ಸೇರಿದರು. ಸೊಸೆಯ ಕಿವಿ ಹೋದದ್ದು ಸಾವಕಾರರಿಗೆ ದೊಡ್ಡ ಸಂಗತಿಯೇ ಆಗಿರಲಿಲ್ಲ. ಸೊಸೆ ಬಿಟ್ಟು ಹೋದಳು ಎಂದು ಮಂದಿ ಆಡಿಕೊಂಡರೆ ತಮ್ಮ ಮಾನವೇನಾದೀತು ಎಂಬುದೊಂದೇ ಅವರಿಗೆ ಹತ್ತಿದ ಚಿಂತೆ. ಕಡೆಗೆ ಅವರ ಮಾನ ಉಳಿಯುವ ಹಾಗೆ ಒಂದು ಮಾತಾಯಿತು. "ಸಾಲಿ ನಡಿಯೋತನ ಹುಡುಗಿ ತವರಾಗ ಇದ್ದು ಓದ್ಲಿ. ಆಮ್ಯಾಲ ಗಂಡನ ಮನಿಗಿ ಬರ್ಲಿ" ಎಂದು ಹಿರಿಯರು ಹೇಳಿದರು. ಮರುದಿನದಿಂದಲೇ ಸಾವಕಾರರು ಸ್ಟೇಷನ್ನಿನಲ್ಲಿ ಸಿಕ್ಕಸಿಕ್ಕವರಿಗೆ "ಸೊಸೀಗಿ ಓದಸ್ಲಕತ್ತೀನ್ರಿ, ಜಮಾನಾ ಬದ್ಲಾಗ್ಯಾದ" ಎಂದು ಮೀಸೆ ತಿರುವಿದರು. ಹೊಡೆದ ಮಗನಿಗೆ ಒಂದು ಮಾತು ಅಂದವರಲ್ಲ, ಊರಿಗೆಲ್ಲ ಸುಧಾರಕರಾಗಿಬಿಟ್ಟರು. ಅಂಥವರ ಮುಖ ನೋಡಿ ನಗುನಗುತ್ತ ನಮಸ್ಕಾರ ಮಾಡುವುದು ನನ್ನ ನೌಕರಿಯ ಭಾಗವಾಗಿತ್ತು.

ತಂಗಿಯೇನೋ ನಿಜವಾಗಿಯೇ ಓದಿದಳು. ಏಳೆಂಟು ವರ್ಷದ ಮಕ್ಕಳ ನಡುವೆ ಸೆರಗು ಹೊದ್ದು ಕೂತು, ಬಲಗಿವಿಯನ್ನು ನನ್ನ ಕಡೆ ತಿರುಗಿಸಿ, ಎರಡು ವರ್ಷದಲ್ಲಿ ಮೂರು ಇಯತ್ತೆ ಮುಗಿಸಿದಳು. ಗುಲಬರ್ಗಾದಲ್ಲಿ ಹೆಣ್ಣುಮಕ್ಕಳ ಸಾಲೆಯೊಂದಿತ್ತು. ನಾಲ್ಕನೆಯ ಇಯತ್ತೆ ಮುಗಿಸಿದ ಹೆಂಗಸರನ್ನು ಚಿಕ್ಕ ಮಕ್ಕಳಿಗೆ ಕನ್ನಡ ಕಲಿಸಲು ಅಲ್ಲಿ ತೆಗೆದುಕೊಳ್ಳುತ್ತಿದ್ದರು, ಇರಲು ಕೋಣೆಯನ್ನೂ ಕೊಡುತ್ತಿದ್ದರು. ಅವಳ ಆಸೆಯೆಲ್ಲ ಅದರ ಮೇಲಿತ್ತು. ನಮ್ಮ ಸಾಲೆ ಇನ್ನೊಂದು ವರ್ಷ ನಡೆದರೆ ಅವಳು ಗುಲಬರ್ಗಾಕ್ಕೆ ಹೋಗುತ್ತಿದ್ದಳು, ನಡೆಯದಿದ್ದರೆ ಆ ಹೊಡೆದ ಕೈಯ ಕೆಳಗೆ ಮತ್ತೆ ರೊಟ್ಟಿ ಬಡಿಯಬೇಕಾಗಿತ್ತು. ಅವಳಿಗೂ ನನಗೂ ಅವ್ವನಿಗೂ ಇದು ಸ್ಪಷ್ಟವಾಗಿ ಗೊತ್ತಿತ್ತು.

ಇನ್ನು ಆ ಕಾದಂಬರಿ. ನಮ್ಮ ಅಲಮಾರಿಯಲ್ಲಿ ಇದ್ದದ್ದೇ ಹದಿನಾರು ಪುಸ್ತಕ, ಅದರಲ್ಲಿ ಅದೂ ಒಂದು. ನಾನು ಹುಟ್ಟುವ ಮೊದಲೇ ಅಚ್ಚಾದದ್ದು. ಧಾರವಾಡದ ಕಡೆ ಎರಡು ತಲೆಮಾರಿನವರು ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದ್ದರು. ಅದರಲ್ಲಿ ಒಬ್ಬ ಗೌಡ ತನ್ನ ಹೊಲದ ಆಳನ್ನು ಭಾವಿಗೆ ದೂಡಿ ಕೊಲ್ಲುತ್ತಾನೆ. ನೋಡಿದವಳು ಅವನ ಸೊಸೆ ಒಬ್ಬಳೇ. ಅವಳು ಕೋರ್ಟಿನಲ್ಲಿ ಮುಖದ ಮೇಲಿನ ಸೆರಗು ಸರಿಸಿ ಮಾವನ ಮೇಲೆ ಸಾಕ್ಷಿ ಹೇಳುತ್ತಾಳೆ. ತಂಗಿ ಅದನ್ನು ಮನೆಗೆ ತಂದು ಎರಡು ಸಲ ಓದಿದಳು. ಆಮೇಲೆ ಮಧ್ಯಾಹ್ನ ನಮ್ಮ ಅಂಗಳದಲ್ಲಿ ಜೋಳ ಹಸನು ಮಾಡುವ ಹೆಂಗಸರಿಗೆ ಅದರ ಕಥೆಯನ್ನು ತುಸು ತುಸುವೇ ಹೇಳಿದಳು. ಅವರಲ್ಲಿ ಒಬ್ಬಾಕೆ ಅದನ್ನು ಒಯ್ದು ಸಾವಕಾರರ ಹೆಂಡತಿಯ ಕಿವಿಗೆ ಹಾಕಿದಳು. ಆ ತಾಯಿ ಅದನ್ನು ಸಾವಕಾರರ ಊಟದ ಹೊತ್ತಿಗೆ ಬಡಿಸಿದಳು.

ಮರುದಿನವೇ ಕಮಿಟಿ ಕೂತಿತು.

"ಏನ್ರಿ ಮಾಸ್ತರ್ರ, ಸಾಲ್ಯಾಗ ಎಂಥಾ ಪುಸ್ತಕ ಇಟ್ಟೀರಿ?" ಸಾವಕಾರರು ಕೇಳಿದರು. "ಸೊಸಿ ಮಾವನ ಮ್ಯಾಲ ಸಾಕ್ಷಿ ಹೇಳ್ತಾಳಂತ. ಅದೂ ಕೋರ್ಟಿನಾಗ."

"ಅದು ಹಳೇ ಕಾದಂಬರಿರಿ. ಧಾರವಾಡದ ಕಡಿ ದೊಡ್ಡ ದೊಡ್ಡವರು ಓದ್ಯಾರ."

"ಓದಿದವರ ಸೊಸ್ತೇರು ಕೋರ್ಟಿಗಿ ಹೋಗ್ಯಾರೇನು?" ಎಂದರು ಎಣ್ಣೆಯ ವ್ಯಾಪಾರ ಮಾಡುವ ಇನ್ನೊಬ್ಬ ಸದಸ್ಯರು.

"ಇಲ್ರಿ, ಹಂಗೇನೂ ಕೇಳಿಲ್ಲ."

"ಮತ್ತ ಓದಿ ಏನ್ ಫಾಯದಾ ಆತು?"

ಹೋಗಿದ್ದರೆ ಪುಸ್ತಕ ಕೆಟ್ಟದ್ದು, ಹೋಗದಿದ್ದರೆ ಪುಸ್ತಕ ನಿರುಪಯೋಗಿ. ತಾವು ಯಾರಾದರೂ ಪುಸ್ತಕ ನೋಡಿದ್ದೀರೇನು ಎಂದು ಮೆಲ್ಲಗೆ ಕೇಳಿದೆ. ಒಬ್ಬರು ಕಣ್ಣಿನ ಪೊರೆಯ ನೆಪ ಹೇಳಿದರು. ಇನ್ನೊಬ್ಬರು ಸೂರು ನೋಡಿದರು.

ಕಮಿಟಿಯಲ್ಲಿ ಒಬ್ಬ ವಕೀಲರಿದ್ದರು. ಬ್ರಾಹ್ಮಣರು, ಕೂರಲು ತಮ್ಮದೇ ಚಾಪೆ ತರುತ್ತಿದ್ದರು. ಉರ್ದು, ಫಾರಸಿ ಬಲ್ಲರು, ಕನ್ನಡದಲ್ಲಿ ತಮ್ಮ ಹೆಸರು ಬರೆಯಲು ಮಾತ್ರ ಎರಡು ಸಲ ಯೋಚಿಸುತ್ತಿದ್ದರು. ಉಳಿದ ನಾಲ್ವರು ಲಿಂಗಾಯತ ವ್ಯಾಪಾರಿಗಳು. ಸಾಲೆಯ ಗಡಿಗೆಯ ನೀರು ಯಾರು ತುಂಬಬೇಕು ಎಂಬುದರ ಮೇಲೂ ಎಂಟು ವರ್ಷದಲ್ಲಿ ಈ ಎರಡು ಕಡೆಯವರು ಒಮ್ಮತಕ್ಕೆ ಬಂದಿರಲಿಲ್ಲ. ಈ ಕಾದಂಬರಿ ಮಾತ್ರ ಅವರನ್ನು ಅಣ್ಣತಮ್ಮಂದಿರನ್ನಾಗಿ ಮಾಡಿತು. ಆದರೂ ವಕೀಲರು ಗಂಟಲು ಸರಿಮಾಡಿಕೊಂಡು, "ಕೇಳಲಾರದ ಫೈಸಲಾ ಕೊಡಬಾರದ್ರಿ. ಮೊದ್ಲು ಪುಸ್ತಕ ಕೇಳೋಣ" ಎಂದರು.

ಕೇಳುವುದು ಹೇಗೆ? ನಮ್ಮ ಕಡೆ ಪುಸ್ತಕ ಕೇಳುವ ಪದ್ಧತಿ ಒಂದೇ, ಪುರಾಣ ಹಚ್ಚುವುದು. ಮಠದ ಪಡಸಾಲೆಯಲ್ಲಿ ಒಬ್ಬರು ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ಕಾಯಿ ಒಡೆದು ಶುರು ಮಾಡಿದರೆ ಕೊನೆಯ ಸಾಲಿನವರೆಗೆ ಓದಿ ಮಂಗಲ ಮಾಡಿಯೇ ಏಳಬೇಕು. ನಡುವೆ ಬಿಟ್ಟರೆ ಕಾಯಿ ಒಡೆದವರ ಮನೆಗೆ ಕೇಡು ಎಂದು ನಂಬಿಕೆ. ಹಾಸುಗಲ್ಲನ್ನು ಬೆರಳಿನಿಂದ ತಟ್ಟಿ ಅದರ ಒಳಬಿರುಕು ಹೇಳಬಲ್ಲ ಈ ಜಾಣರಿಗೆ ಒಂದು ಕಾದಂಬರಿಯನ್ನು ಸುಮ್ಮನೆ ಕೂತು ಓದಿಸಿ ಕೇಳಬಹುದು ಎಂದು ಹೊಳೆಯಲೇ ಇಲ್ಲ. ಶುಕ್ರವಾರ ಸಾಲೆಗೂ ಕಚೇರಿಗೂ ರಜೆ. ಶುಕ್ರವಾರ ಮಧ್ಯಾಹ್ನ ಪುರಾಣ ಎಂದು ಗೊತ್ತು ಮಾಡಿದರು. ಓದುವವನು ನಾನು, ಅರ್ಥ ಹೇಳುವವರು ಮಠದ ಅಯ್ಯನವರು.

ಮೊದಲ ಶುಕ್ರವಾರ ಸಾವಕಾರರೇ ಕಾಯಿ ಒಡೆದರು. ಬೇರೆ ಯಾರೋ ಕಾಯಿ ಒಡೆಯುವುದನ್ನು ನೋಡಿಕೊಂಡು ಕೂರುವ ಜಾಯಮಾನ ಅವರದಲ್ಲ. ಪುಸ್ತಕಕ್ಕೆ ವಿಭೂತಿ ಹಚ್ಚಿ ಹೂ ಏರಿಸಿದರು. ಹೊರಗೆ ಹಾಕಬೇಕೆಂದ ಪುಸ್ತಕಕ್ಕೆ ಕಮಿಟಿಯೇ ಪೂಜೆ ಮಾಡಿದ್ದನ್ನು ನಾನು ನನ್ನ ಕಣ್ಣಿಂದ ಕಂಡೆ. ನಗು ತಡೆಯಲು ನಾಲಿಗೆ ಕಚ್ಚಿಕೊಂಡೆ.

ಓದತೊಡಗಿದೆ. ಗೌಡ ಬೆಳಿಗ್ಗೆ ಎದ್ದು ಹೊಲದ ಕಡೆ ಹೊರಟ ಎಂದು ಓದಿ ನಿಲ್ಲಿಸಿದೆ. ಅಯ್ಯನವರು ಕಣ್ಣು ಮುಚ್ಚಿ, "ಗೌಡ ಅಂದ್ರ ಯಾರು? ಅಹಂಕಾರ. ಹೊಲ ಅಂದ್ರ ಯಾವುದು? ಈ ದೇಹ" ಎಂದು ಶುರು ಮಾಡಿದರು. ಗೌಡ ಹೊಲ ಮುಟ್ಟಲು ಅರ್ಧ ತಾಸು ಹಿಡಿಯಿತು. ಗೌಡನ ಹೆಂಡತಿ ಮಾಯೆಯಾದಳು, ಎತ್ತು ಎರಡೂ ಪಾಪಪುಣ್ಯಗಳಾದವು, ಸೊಸೆ ಚಿತ್‌ಶಕ್ತಿಯಾದಳು. ಕಾದಂಬರಿ ಬರೆದವರು ಕೇಳಿದ್ದರೆ ಭಾವಿಗೆ ಹಾರಿಕೊಳ್ಳುತ್ತಿದ್ದರು. ಪಡಸಾಲೆ ಮಾತ್ರ ತುಂಬಿತ್ತು. ಕಂಬದ ಆಚೆ ಹೆಂಗಸರು, ಅವರ ನಡುವೆ ನನ್ನ ತಂಗಿ. ಕಥೆ ಮೊದಲೇ ಗೊತ್ತಿದ್ದವರೂ ಬಂದಿದ್ದರು. ಒಬ್ಬ ಮುದುಕಿ ಪ್ರತಿ ಸಲ ಸೊಸೆಯ ಮಾತು ಬಂದಾಗ ಪುಸ್ತಕದ ಕಡೆ ಕೈ ಮುಗಿಯುತ್ತಿದ್ದಳು.

ಸಾವಕಾರರಿಗೆ ಕಾದಂಬರಿ ಬಹಳ ಹಿಡಿಸಿತು. ಅವರು ಗೌಡನೇ ಕಥಾನಾಯಕ ಎಂದುಕೊಂಡಿದ್ದರು. ಗೌಡ ಆಳನ್ನು ಬಯ್ದರೆ ತಲೆಯಾಡಿಸಿದರು, ಗೌಡ ಹೆಂಡತಿಯ ಮೇಲೆ ರೇಗಿದರೆ ಬರೋಬರಿ ಎಂದರು. ಮೂರನೆಯ ಶುಕ್ರವಾರ ಗೌಡ ಆಳನ್ನು ಭಾವಿಗೆ ದೂಡಿದ. ಹೆಂಗಸರ ಕಡೆಯಿಂದ ಯವ್ವಾ ಎಂಬ ದನಿ ಬಂತು. ಸಾವಕಾರರು ಪಕ್ಕದವರ ಕಡೆ ವಾಲಿ, "ಗೌಡ ಆದಾವ ಒಂದೀಟು ಕಠಿಣ ಇರಬೇಕಾಗ್ತದ" ಎಂದರು. ಕೊಲೆ ಮಾಡಿದವನ ಪರವಾಗಿ ಇಷ್ಟು ಸರಾಗವಾಗಿ ಮಾತಾಡಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಅವರ ಮನೆಯಲ್ಲಿ ನನ್ನ ತಂಗಿಯ ಕಿವಿ ಹೋದಾಗ ಆಡಿದ ಮಾತೂ ಇದೇ ಇರಬೇಕು.

ಮುಂದಿನ ಪುಟದಲ್ಲಿ ಸೊಸೆ ಕಿಟಕಿಯಿಂದ ಅದೆಲ್ಲವನ್ನೂ ನೋಡಿದ್ದಳು ಎಂದು ಬರುತ್ತದೆ. ನಾನು ಓದಿದೆ. ಅಯ್ಯನವರು ಅರ್ಥ ಹೇಳಲು ಬಾಯಿ ತೆರೆದರು. ಆ ಮುದುಕಿ ಕಂಬದ ಆಚೆಯಿಂದಲೇ, "ಅರ್ಥ ಇರ್ಲಿ ಬಿಡ್ರಿ ಅಯ್ನೋರೇ. ಮುಂದ ಓದಿಸ್ರಿ" ಎಂದಳು. ಹೆಂಗಸರೆಲ್ಲ ಹೌದು ಹೌದು ಎಂದರು. ಮಠದಲ್ಲಿ ಹೆಂಗಸರು ಹೀಗೆ ಬಾಯಿ ಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ. ಸಾವಕಾರರ ಮುಖ ಸಪ್ಪಗಾಯಿತು. ಹೊತ್ತಾಯಿತೆಂದು ಹೇಳಿ ಅಂದಿನ ಪುರಾಣ ನಿಲ್ಲಿಸಿದರು.

ಮುಂದಿನ ಶುಕ್ರವಾರ ಕೋರ್ಟಿನ ಅಧ್ಯಾಯ. ಆ ವಾರವೇ ಕಮಿಟಿ ಮತ್ತೆ ಕೂತಿತು. ಸಾವಕಾರರು ಒದ್ದಾಡುತ್ತಿದ್ದರು. ಓದಿಸಿದರೆ ಊರ ಹೆಂಗಸರ ಮುಂದೆ ಸೊಸೆ ಮಾವನ ಮೇಲೆ ಸಾಕ್ಷಿ ಹೇಳುತ್ತಾಳೆ. ಅದೇ ಪಡಸಾಲೆಯಲ್ಲಿ ಅವರ ಸ್ವಂತ ಸೊಸೆಯೂ ಕೂತಿರುತ್ತಾಳೆ. ನಡುವೆ ನಿಲ್ಲಿಸಿದರೆ ಮಂಗಲವಾಗದ ಪುರಾಣದ ಕೇಡು ಕಾಯಿ ಒಡೆದ ಅವರ ಮನೆಗೇ.

"ಅಯ್ನೋರೇ, ಆ ಒಂದು ಅಧ್ಯಾಯ ಹಾರಿಸಿದ್ರ ನಡೀತದೇನು?"

"ಪುರಾಣ ಹಾರಿಸಾಕ ಬರಲ್ರಿ" ಎಂದರು ಅಯ್ಯನವರು. ಅದು ಪುರಾಣವೇ ಅಲ್ಲ ಎಂದು ಹೇಳಬೇಕಾದ ಒಬ್ಬನೇ ಮನುಷ್ಯ ಅವರು. ಮೂರು ಶುಕ್ರವಾರದ ದಕ್ಷಿಣೆ, ತುಂಬಿದ ಸಭೆ, ಅವರಿಗೇನು ಬೇಸರ.

"ಮಾಸ್ತರ್ರ, ಸೊಸಿ ಏನೂ ನೋಡಿಲ್ಲ ಅಂತ ಓದಿಬಿಡ್ರಲ್ಲ" ಎಂದರು ಎಣ್ಣೆಯವರು.

"ಹೆಣ್ಮಕ್ಕಳಿಗಿ ಕಥಿ ಗೊತ್ತದ್ರಿ" ಎಂದೆ ನಾನು.

ಆಗ ವಕೀಲರು ತಮ್ಮ ಚಾಪೆಯ ಮೇಲೆ ನೆಟ್ಟಗಾದರು. ಸರ್ಕಾರಕ್ಕೆ ಒಂದು ದರಖಾಸ್ತು ಕೊಡೋಣ, ಈ ಪುಸ್ತಕ ಸಾಲೆಯಲ್ಲಿ ಇರಬಾರದು ಎಂದು ಸರ್ಕಾರದ ಹುಕುಂ ತರಿಸೋಣ, ಆಮೇಲೆ ಪುರಾಣ ನಿಲ್ಲಿಸಿದವರು ನಾವಲ್ಲ ಎಂದರು. "ಬಂದ್ ಮಾಡಿದ್ದು ಸರ್ಕಾರ. ಪಾಪ ಬಂದ್ರ ಸರ್ಕಾರಕ್ಕ ಬರ್ಲಿ" ಎಂದರು. ಸಾವಕಾರರು ಎದ್ದು ಬಂದು ಅವರ ಕೈ ಹಿಡಿದುಕೊಂಡರು. ಜಗತ್ತಿನಲ್ಲಿ ಎಲ್ಲರೂ ಸರ್ಕಾರದ ಕಣ್ಣಿಗೆ ಬೀಳದೆ ಬದುಕಲು ನೋಡುತ್ತಿದ್ದ ಕಾಲ ಅದು. ಈ ಮಹಾನುಭಾವರು ಕೈ ಬೀಸಿ ಕರೆದರು.

ಬರೆಯುವವನು ನಾನೇ, ಇನ್ಯಾರು. ವಕೀಲರ ಮನೆಯ ಕಟ್ಟೆಯ ಮೇಲೆ ಕಾಗದ ಬಿಡಿಸಿಕೊಂಡು ಕೂತಾಗ ಒಂದು ಮಾತು ಹೇಳಿದೆ.

"ವಕೀಲ್ ಸಾಹೇಬ್ರ, ಇಜಾಜತ್ ಪತ್ರದಾಗ ಕನ್ನಡ ಅನ್ನೋದೇ ಇಲ್ರಿ. ಕನ್ನಡ ಪುಸ್ತಕ ಅದ ಅಂತ ನಾವೇ ಬರದು ಕೊಟ್ರ ಸಾಲಿಗೇ ಬರ್ತದೇನೋ."

"ಅವ್ರಿಗಿ ಅಷ್ಟು ಪುರುಸೊತ್ತು ಎಲ್ಲದರಿ? ಒಂದು ಹುಕುಂ ಬರದು ಒಗೀತಾರ. ನೀವು ಸುಮ್ಕ ಬರೀರಿ." ಆಮೇಲೆ ದನಿ ತಗ್ಗಿಸಿದರು. "ಸರ್ಕಾರಿ ಸಾಲ್ಯಾಗ ಒಂದು ಜಾಗಾ ಖಾಲಿ ಅದ ಅಂತ ಕೇಳೀನಿ. ನಿಮ್ಮ ಅಕ್ಷರ ಸಾಹೇಬ್ರ ಕಣ್ಣಿಗಿ ಬೀಳ್ಲಿ."

ನಾನು ಹೇಳಬೇಕಾದದ್ದು ಇನ್ನೊಂದು ಇತ್ತು. ಆ ಕಾದಂಬರಿಯ ಕೊನೆ ಆ ಐವರಿಗೂ ಗೊತ್ತಿರಲಿಲ್ಲ. ಸಾಕ್ಷಿ ಹೇಳಿದ ಸೊಸೆ ಮಾವನನ್ನು ಬಿಟ್ಟು ಹೋಗುವುದಿಲ್ಲ. ಜೈಲಿನಲ್ಲಿರುವ ಅವನಿಗೆ ದಿನವೂ ಬುತ್ತಿ ಕಟ್ಟಿಕೊಂಡು ಹೋಗುತ್ತಾಳೆ. ಊರವರೆಲ್ಲ ಅವಳನ್ನು ಮನೆಹಾಳಿ ಎಂದು ಬಯ್ಯುವಾಗ ಆ ಮುದುಕನೇ, ನನ್ನ ಮನೆಯಲ್ಲಿ ಸುಳ್ಳು ಹೇಳದವಳು ಇವಳೊಬ್ಬಳೇ, ನನ್ನ ಕೀಲಿಕೈ ಇವಳಿಗೇ ಕೊಡಿ ಎನ್ನುತ್ತಾನೆ. ಇದನ್ನು ಸಾವಕಾರರ ಮುಂದೆ ಹೇಳಿದ್ದರೆ ಅವರೇ ಇನ್ನೊಂದು ಕಾಯಿ ತಂದು ಆ ಅಧ್ಯಾಯ ಓದಿಸುತ್ತಿದ್ದರು. ಮಾವನಿಗೆ ಕೊನೆಯಲ್ಲಿ ದೊಡ್ಡಸ್ತಿಕೆ ಸಿಗುತ್ತದೆ ಎಂದರೆ ಸಾಕಾಗಿತ್ತು ಅವರಿಗೆ. ಅಷ್ಟು ಸುಲಭದ ಮಾತು. ನಾನು ಹೇಳಲಿಲ್ಲ. ಇಂಥ ಮೂಢರಿಗೆ ಹೇಳಿ ಏನುಪಯೋಗ ಎಂದು ಒಳಗೊಳಗೇ ಮೂಗು ಮುರಿದೆ. ಖಾಲಿ ಜಾಗವೂ ಕಣ್ಣ ಮುಂದೆ ಇತ್ತು. ಬರುವಿನ ಲೇಖನಿಯನ್ನು ಮಸಿಯಲ್ಲಿ ಅದ್ದಿ ಬರೆದೆ. ಅಷ್ಟು ಚಂದದ ದರಖಾಸ್ತನ್ನು ನಾನು ಮೊದಲೂ ಬರೆದಿರಲಿಲ್ಲ, ಆಮೇಲೂ ಬರೆಯಲಿಲ್ಲ. ಐವರೂ ಸಹಿ ಹಾಕಿದರು.

ನಾಲ್ಕನೆಯ ಶುಕ್ರವಾರ ನನಗೆ ಜ್ವರ ಎಂದು ಸಾರಿಸಿದರು. ನನಗೆ ಜ್ವರ ಬಂದಿರಲಿಲ್ಲ. ಹೆಂಗಸರು ಬಂದು ಪಡಸಾಲೆ ನೋಡಿ ಹಿಂದಿರುಗಿದರು. ಹದಿನೈದು ದಿನಕ್ಕೆ ಜಿಲ್ಲೆಯಿಂದ ಸಾಲೆಗಳ ಇನ್ಸ್‌ಪೆಕ್ಟರ್ ಬಂದಿಳಿದರು. ಒಳ್ಳೆಯ ಮನುಷ್ಯ, ಮೆತ್ತಗೆ ಮಾತಾಡಿದರು. ಯಾವ ಪುಸ್ತಕ ಎಂದು ಕೇಳಿದರು, ತೋರಿಸಿದೆ. ತಿರುವಿ ನೋಡಿದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಇದು ಯಾವ ಭಾಷೆ ಎಂದು ಕೇಳಿದರು. ಕನ್ನಡ ಎಂದೆ. ಉಳಿದ ಹದಿನೈದು ಯಾವ ಭಾಷೆಯವು ಎಂದರು. ಅವೂ ಕನ್ನಡ ಎಂದೆ. ಇಜಾಜತ್ ಪತ್ರ ತರಿಸಿ ಎರಡು ಸಲ ಓದಿದರು. ಇದರಲ್ಲಿ ಕನ್ನಡ ಎಲ್ಲಿದೆ ಎಂದು ಕೇಳಿದಾಗ ಸಾವಕಾರರು ವಕೀಲರ ಮುಖ ನೋಡಿದರು, ವಕೀಲರು ನನ್ನ ಮುಖ ನೋಡಿದರು.

ನೀವೇ ಬರೆದು ತಿಳಿಸಿದ ಮೇಲೆ ನಾನು ನೋಡಿಯೂ ನೋಡದ ಹಾಗೆ ಹೋಗಲಾರೆ ಎಂದು ಇನ್ಸ್‌ಪೆಕ್ಟರ್ ಬೇಸರದಿಂದಲೇ ಹೇಳಿದರು. ಅಲಮಾರಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿಸಿದರು. ಇಜಾಜತ್ ಇಲ್ಲದೆ ಕನ್ನಡ ಕಲಿಸಿದ್ದಕ್ಕೆ ಸಾಲೆ ಬಂದ್ ಎಂದು ಹುಕುಂ ಬರೆದರು. ಹೊರಡುವಾಗ ದರಖಾಸ್ತು ಬರೆದವರು ಯಾರು ಎಂದು ಕೇಳಿ ನನ್ನ ಬೆನ್ನು ತಟ್ಟಿದರು.

ಆ ಸಂಜೆ ಕಮಿಟಿಯವರ ಕೂಗಾಟ ಕಲ್ಲಿನ ಅಂಗಳದ ಆಚೆಗೂ ಕೇಳಿಸಿತು. "ಒಂದು ಪುಸ್ತಕ ಕೇಳಿದ್ರ ಸಾಲೀನೇ ಒಯ್ದಾರಲ್ರಿ" ಎಂದು ಎಣ್ಣೆಯವರು ತಲೆ ಚಚ್ಚಿಕೊಂಡರು. ವ್ಯಾಪಾರಿಗಳು ಬ್ರಾಹ್ಮಣರ ಬುದ್ಧಿಯನ್ನು ಬಯ್ದರು, ವಕೀಲರು ವ್ಯಾಪಾರಿಗಳ ಕಾಯಿಯನ್ನು ಬಯ್ದರು. ಮನೆಮನೆಗೆ ಹಿಂದಿರುಗಿದ ಅರವತ್ತು ಮಕ್ಕಳ ಮಾತನ್ನು ಒಬ್ಬರೂ ಎತ್ತಲಿಲ್ಲ. ಸಾವಕಾರರು ಮರುದಿನ ಝರಾಸಂಗಂನ ಗುಡಿಗೆ ಹೋಗಿ, ನಿಂತ ಪುರಾಣದ ಕೇಡು ತಮ್ಮ ಮನೆಗೆ ತಟ್ಟದಿರಲಿ ಎಂದು ದೇವರಿಗೆ ರುದ್ರಾಭಿಷೇಕ ಮಾಡಿಸಿ ಬಂದರು. ಅವರ ಮನೆಗೆ ಏನೂ ಆಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವರು ಇಬ್ಬರು ಹಿರಿಯರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಕಟ್ಟೆಯ ಮೇಲೆ ಕೂತು ನೀರು ಕುಡಿದರು.

"ಬೀಗರೇ, ಸಾಲಿ ನಡಿಯೋತನ ಅಂತ ಮಾತಾಗಿತ್ತು. ಸಾಲಿ ಬಂದ್ ಆತು. ಇನ್ನ ಸೊಸೀಗಿ ಕಳಸ್ರಿ."

ಹಿರಿಯರು ತಲೆಯಾಡಿಸಿದರು. ಆಡಿದ ಮಾತು ಅದೇ ಆಗಿತ್ತು. ಸಾವಕಾರರ ದನಿಯಲ್ಲಿ ಗೆದ್ದ ಸುಳಿವೂ ಇರಲಿಲ್ಲ. ಒಂದು ವರ್ಷದ ಕೊರತೆಯಿಂದ ಒಂದು ಜೀವ ಎಲ್ಲಿಂದ ಎಲ್ಲಿಗೆ ಬಿತ್ತು ಎಂಬುದು ಅವರ ತಲೆಗೆ ಹೋಗಿರಲೇ ಇಲ್ಲ. ಮನೆಯ ಹಸುವೊಂದು ಪಕ್ಕದ ಹಿತ್ತಲಿಗೆ ಹೋಗಿತ್ತು, ಹೊಡೆದುಕೊಂಡು ಹೋಗಲು ಬಂದಿದ್ದಾರೆ, ಅಷ್ಟೆ.

ನಾನು ಒಳಗೆ ಹೋದೆ. ತಂಗಿ ಎರಡು ಸೀರೆ ಮಡಿಚಿ ಗಂಟು ಕಟ್ಟುತ್ತಿದ್ದಳು. ಅವ್ವ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ನನ್ನ ಬಾಯಿಂದ ಹೊರಟದ್ದು ಬೈಗುಳ. ಕಮಿಟಿಯ ಒಬ್ಬೊಬ್ಬರ ಹೆಸರು ಹಿಡಿದು ಬಯ್ದೆ. "ದನಾ ಕಾಯೋ ಮಂದಿ. ಒಬ್ಬರರೇ ಆ ಪುಸ್ತಕ ಓದ್ಯಾರೇನು?" ಎಂದೆ.

ಅವಳು ಗಂಟು ಬಿಗಿದು ಎದ್ದು ನಿಂತಳು.

"ಅವರು ಓದಿಲ್ಲಣ್ಣಾ. ಅವ್ರಿಗಿ ನಾ ಏನಂತ ಅನ್ಲಿ" ಎಂದಳು. "ನೀ ಓದಿದ್ದಿ."

ಅವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನನ್ನ ಕಾಲು ಮುಟ್ಟಲಿಲ್ಲ. ಹೊರಗೆ ಹೋಗಿ ಮಾವನ ಹಿಂದೆ ನಡೆದಳು. ಆ ಶನಿವಾರದಿಂದ ನಾನು ಸರ್ಕಾರಿ ಸಾಲೆಯ ಕೆಲಸಕ್ಕೆ ಹಾಜರಾದೆ.